ಒಳಗ ಕುಂತವರು ಹೊರಗ ಬರ್ರಿ

ಯಂತ್ರ ಕೈಕೊಟ್ಟ ಜಾಗಕ್ಕೆ ಬಂದ ಕೂಡಲೇ ಹುಲಿಗೆಮ್ಮಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾವು ನಾಲ್ಕು ಜನ ಸುತ್ತ ನಿಂತು ಅದು ಒತ್ತಿ, ಇದು ಒತ್ತಿ ಎಂದು ಗದ್ದಲ ಎಬ್ಬಿಸುತ್ತಿದ್ದರೂ ಅವರು ಕೀಬೋರ್ಡಿನ ಹತ್ತಿರ ಹೋಗುತ್ತಿರಲಿಲ್ಲ. ಸ್ವಲ್ಪ ಬಗ್ಗಿ, ಪರದೆಯ ಮೇಲಿನ ಸಾಲನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಹೀಗೇಕೆ ಎಂದು ನಾನೊಮ್ಮೆ ಕೇಳಿದ್ದೆ. "ಕೈ ಮುಂದ ಇದ್ರ ಕಣ್ಣು ಓದೋದ್ರಾಗ ಒತ್ತಿಬಿಡ್ತಾವ ತಮ್ಮ. ಅದಕ್ಕ ಕಟ್ಟಿ ಹಾಕೀನಿ" ಎಂದಿದ್ದರು.

ನಮ್ಮ ಆಸ್ಪತ್ರೆ ಹೊಸಪೇಟೆಯಲ್ಲಿದೆ. ಸಂಡೂರು ಮತ್ತು ಕಂಪ್ಲಿಯಲ್ಲಿ ಸ್ಕ್ಯಾನಿಂಗ್ ಶಾಖೆಗಳಿವೆ. ನಾನು ಕಂಪ್ಲಿ ಶಾಖೆಯ ತಂತ್ರಜ್ಞ. ರೋಗಿಯನ್ನು ಮಲಗಿಸಿ ಚಿತ್ರ ತೆಗೆಯುವವನು. ಚಿತ್ರಗಳೆಲ್ಲ ಹೋಗಿ ಕೂರುವುದು ಹೊಸಪೇಟೆಯ ಸರ್ವರಿನಲ್ಲಿ. ಆ ಸರ್ವರನ್ನೂ ಮೂರು ಊರಿನ ನಡುವಿನ ಜಾಲವನ್ನೂ ನೋಡಿಕೊಳ್ಳುತ್ತಿದ್ದವರು ಹುಲಿಗೆಮ್ಮಕ್ಕ. ಎಮ್ಮಿಗನೂರಿನವರು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಅಲ್ಲೇ. ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಸಂಡೂರಿನ ಗಣಿ ಕಚೇರಿಯೊಂದರಲ್ಲಿದ್ದು, ಆಮೇಲೆ ಆಸ್ಪತ್ರೆಗೆ ಬಂದವರು. ಗಣಿಯ ಯಂತ್ರಗಳಿಗೆ ಹೋಲಿಸಿದರೆ ನಮ್ಮವು ಸಾಧು ಪ್ರಾಣಿಗಳು ಎನ್ನುತ್ತಿದ್ದರು.

ಹೊಸಪೇಟೆಯ ಸರ್ವರಿನ ಫೋಲ್ಡರೊಂದು ಕಂಪ್ಲಿಯ ನಮ್ಮ ಯಂತ್ರದಲ್ಲಿ, ನಮ್ಮದೇ ಫೋಲ್ಡರ್ ಎಂಬಂತೆ ಕಾಣುತ್ತದೆ. ಹಾಗೆ ಕಾಣುವಂತೆ ಜೋಡಿಸುವುದಕ್ಕೆ ಎಲ್ಲರೂ ಮೌಂಟ್ ಎನ್ನುತ್ತಾರೆ. ಅಪ್ಪನ ಎತ್ತಿನ ಕೊಟ್ಟಿಗೆಯಲ್ಲಿ ಬೆಳೆದ ಹುಲಿಗೆಮ್ಮಕ್ಕನಿಗೆ ಅದು ಕಟ್ಟೋದು, ತೆಗೆಯುವುದು ಬಿಚ್ಚೋದು. "ಕಂಪ್ಲಿ ಕಟ್ಟೈತಿ, ಸಂಡೂರು ಬಿಚ್ಚೈತಿ" ಎಂದು ಅವರು ಫೋನಿನಲ್ಲಿ ಹೇಳುವುದನ್ನು ಕೇಳಿದ ರೋಗಿಗಳ ಕಡೆಯವರು, ಆಸ್ಪತ್ರೆಯವರು ದನ ಸಾಕಿದ್ದಾರೇನೋ ಎಂದುಕೊಂಡಿದ್ದೂ ಉಂಟು.

ದೋಷದ ಸಂದೇಶಗಳಲ್ಲಿ ಅವರ ಲೆಕ್ಕಕ್ಕೆ ಮುಖ್ಯವಾದವು ಎರಡೇ. ಒಂದು, ಸರ್ವರ್ ಉತ್ತರ ಕೊಡುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎನ್ನುವುದು. ಇನ್ನೊಂದು, ನಾನು ಹಿಡಿದುಕೊಂಡಿರುವ ಗುರುತು ಹಳಸಿಹೋಗಿದೆ ಎನ್ನುವುದು. ನಮಗೆ ಎರಡೂ ಒಂದೇ: ಪರದೆ ಸ್ತಬ್ಧ, ಹೊರಗೆ ರೋಗಿಗಳ ಗೊಣಗಾಟ. ಅವರಿಗೆ ಮಾತ್ರ ಎರಡಕ್ಕೂ ಅಜಗಜಾಂತರ.

"ಮೊದಲನೇದ್ರಾಗ ಸರ್ವರ್ ಐತಿ, ನಡುವ ದಾರಿ ಇಲ್ಲ. ದಾರಿ ಆದ ಕೂಡ್ಲೇ ನಿಂತಲ್ಲಿಂದ ಮುಂದ ಹೊಕ್ಕೈತಿ. ಅಲ್ಲಿ ಕಾಯಬೇಕು. ಎರಡನೇದ್ರಾಗ ಗೂಟ ಕಿತ್ತು ಬ್ಯಾರೆ ಕಡೆ ಹಾಕ್ಯಾರ. ಹಗ್ಗ ಹಳೇ ಕುಣಿ ಹುಡುಕ್ಕೋತ ಕುಂತೈತಿ. ಅಲ್ಲಿ ವರ್ಷಗಟ್ಟಲೆ ಕಾದ್ರೂ ಏನೂ ಬರಂಗಿಲ್ಲ. ಬಿಚ್ಚಬೇಕು, ಹೊಸದಾಗಿ ಕಟ್ಟಬೇಕು."

ಹಾಗಾಗಿ ನಾನು ಫೋನ್ ಮಾಡಿ "ಅಕ್ಕಾ, ಹ್ಯಾಂಗ್ ಆಗೈತಿ" ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಅದು ಏನಂತೈತಿ? ಅಂದದ್ದನ್ನ ಅಂದಂಗ ಓದು. ನಿನ್ನ ಹೊಟ್ಟಿ ಸಂಕ್ಟ ಆಮ್ಯಾಲೆ ಹೇಳು." ನಾನು ಓದುತ್ತಿದ್ದೆ. ಮೊದಲನೆಯದಾಗಿದ್ದರೆ ಅವರ ಮಾತು ಒಂದೇ: "ಹೋಗಿ ಒಗ್ಗರಣಿ ಮಂಡಕ್ಕಿ ತಿಂದು ಬಾ, ಮಿರ್ಚಿ ಜೋಡಿ." ನಾನು ತಿಂದು ಬರುವಷ್ಟರಲ್ಲಿ ಚಿತ್ರ ಹೊರಟುಹೋಗಿರುತ್ತಿತ್ತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಹೊಟ್ಟೆ ತುಂಬ ತಿಂದು ಕಲಿತವನು ನಾನೊಬ್ಬನೇ ಇರಬೇಕು.

ಎರಡನೆಯದಾಗಿದ್ದರೆ ಬಿಚ್ಚಬೇಕು, ಆದರೆ ಬಿಚ್ಚಲಿಕ್ಕೂ ಒಂದು ಕ್ರಮವಿತ್ತು. ನಮ್ಮ ಶಾಖೆಯ ಕಂಪ್ಯೂಟರ್ ಒಂದೇ, ಅದಕ್ಕೆ ಹಲವು ಪರದೆ. ಯಾರಾದರೂ ಆ ಫೋಲ್ಡರಿನೊಳಗೆ ಏನಾದರೂ ತೆರೆದುಕೊಂಡು ಕುಳಿತಿದ್ದರೆ ಯಂತ್ರವು ಬಿಜಿ ಎನ್ನುತ್ತದೆ, ಬಿಚ್ಚಗೊಡುವುದಿಲ್ಲ. ಬಲವಂತದಿಂದ ಬಿಚ್ಚುವ ದಾರಿಯೂ ಉಂಟು, ಹುಲಿಗೆಮ್ಮಕ್ಕ ಅದನ್ನು ಬಳಸುತ್ತಿರಲಿಲ್ಲ. ಒಳಗಿದ್ದವರ ಅರ್ಧ ಕೆಲಸ ಹಾಳಾಗುತ್ತದೆ ಎನ್ನುವುದು ಅವರ ತಕರಾರು. ಪ್ರತಿ ಕೋಣೆಗೂ ತಾವೇ ಫೋನ್ ಮಾಡಿ, "ನಮಸ್ಕಾರ್ರೀ, ಒಳಗ ಕುಂತವರು ಸ್ವಲ್ಪ ಹೊರಗ ಬರ್ರಿ" ಎಂದು ಕೇಳುತ್ತಿದ್ದರು. ಡಾಕ್ಟರಿಗೂ ಅದೇ ಮಾತು, ರಿಪೋರ್ಟ್ ಕೊಡುವ ಹುಡುಗಿಗೂ ಅದೇ ಮಾತು.

ಒಂದು ಸಲ ಅವರು ಹೊಸಪೇಟೆಯಿಂದ ಫೋನಿನಲ್ಲಿ ಹೇಳಿಕೊಟ್ಟಂತೆ ನಾನೇ ಬಿಚ್ಚಲು ಹೊರಟೆ. ಎಲ್ಲರನ್ನೂ ಹೊರಗೆ ಕರೆದೆ. ಆದರೂ ಬಿಜಿ.

"ಎಲ್ಲಾರೂ ಬಂದಾರಕ್ಕ, ಆದ್ರೂ ಬಿಡವಲ್ದು."

"ನೀ ಎಲ್ಲಿ ಅದಿ?"

"ಕಂಪ್ಲ್ಯಾಗ."

"ಊರು ಕೇಳಲಿಲ್ಲಪ್ಪ. ನಿನ್ನ ಪರದಿ ಎಲ್ಲಿ ನಿಂತೈತಿ ನೋಡು."

ನೋಡಿದೆ. ನಾನು ಬಿಚ್ಚು ಎಂದು ಆಜ್ಞೆ ಕೊಡುತ್ತಿದ್ದುದು ಅದೇ ಫೋಲ್ಡರಿನೊಳಗೆ ಕುಳಿತು. "ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಲಂತ" ಎಂದು ಅವರು ನಕ್ಕರು. ಅಂದಿನಿಂದ ನನ್ನ ಹೆಸರು ವೀರೇಶ ಹೋಗಿ, ಅವರ ಬಾಯಲ್ಲಿ "ಒಳಗ ಕುಂತಾಂವ" ಎಂದಾಯಿತು.

ಅವರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ಒಮ್ಮೆ ನೋಡಿದ್ದೇನೆ. ರೋಗಿಗಳ ಸಾಲು ಬೇಗ ಸಾಗಲೆಂದು ಆಗಿನ ಮ್ಯಾನೇಜರ್ ಹೊರಗಿನ ಒಬ್ಬನಿಂದ ಸಂಡೂರಿನ ಯಂತ್ರದ ಸೆಟ್ಟಿಂಗ್ ಬದಲಿಸಿದ್ದರು: ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ನೋಡಿ ಕೈಬಿಟ್ಟುಬಿಡುವಂತೆ. ಪರದೆ ಸ್ತಬ್ಧವಾಗುವುದು ನಿಂತಿತು, ಎಲ್ಲರಿಗೂ ಖುಷಿ. ಆಮೇಲೆ ಪಾಪಿನಾಯಕನಹಳ್ಳಿಯ ಒಬ್ಬ ಮುದುಕಿಯ ತಲೆಯ ಚಿತ್ರ ತೆರೆದರೆ ಕೆಳಗಿನ ಅರ್ಧ ಬರೀ ಕಪ್ಪು. ನಡುವೆ ದಾರಿ ಕಡಿದಿತ್ತು, ಯಂತ್ರ ಕೈಬಿಟ್ಟಿತ್ತು, ಯಾರೂ ಗಮನಿಸಿರಲಿಲ್ಲ. ಕಳಿಸಿಯಾಯಿತೆಂದು ಮೂಲ ಪ್ರತಿಯನ್ನೂ ಅಳಿಸಿಹಾಕಿತ್ತು. ಹುಲಿಗೆಮ್ಮಕ್ಕ ಬಸ್ಸು ಹತ್ತಿ ಆ ಮುದುಕಿಯ ಮನೆಗೇ ಹೋದರು. ಆ ವಾರ ಹೊಸಪೇಟೆಯಲ್ಲಿದ್ದ ನಾನೂ ಜೊತೆಗೆ ಹೋಗಿದ್ದೆ.

"ಯವ್ವಾ, ನಿನ್ನ ಚಿತ್ರ ಅರ್ಧ ಬಂದೈತಿ. ತಪ್ಪು ನಮ್ದು. ಇನ್ನೊಮ್ಮೆ ಬರಬೇಕು."

ಮುದುಕಿ ಎಲೆ ಅಡಿಕೆ ಜಗಿಯುತ್ತ ಅವರನ್ನೇ ನೋಡಿದಳು. "ಅರ್ಧ ನೋಡಿ ಪೂರಾ ಐತಿ ಅನ್ನಲಿಲ್ಲಲ್ಲ ಮಗಳ. ನಡಿ ಹೋಗೂಣು" ಎಂದು ಎದ್ದಳು.

ಬರುವಾಗ ಬಸ್ಸಿನಲ್ಲಿ ಹುಲಿಗೆಮ್ಮಕ್ಕ ಕಿಟಕಿಯಾಚೆ ನೋಡುತ್ತ, "ಬಾಯಿ ಮುಚ್ಕೊಂಡು ಕಾಯೋ ಯಂತ್ರ ಚೊಲೋ ತಮ್ಮ. ಆತು ಅಂತ ಸುಳ್ಳು ಹೇಳೋದು ಬ್ಯಾಡ" ಎಂದರು. ಮಾರನೆಯ ದಿನ ಸಂಡೂರಿನ ಸೆಟ್ಟಿಂಗ್ ಹಳೆಯದಕ್ಕೆ ಬಂತು. ಮ್ಯಾನೇಜರ್ ಗೊಣಗಿದರು, ಆದರೆ ತಡೆಯಲಿಲ್ಲ.

ಮುಂದೆ ಒಂದು ದಿನ ಹುಲಿಗೆಮ್ಮಕ್ಕ ನಮ್ಮ ಕಂಪ್ಲಿ ಶಾಖೆಗೆ ಬಂದರು. ಯಂತ್ರ ಸರಿಯಾಗಿತ್ತು. ಕೈಗಳು ಬೆನ್ನ ಹಿಂದೆ ಇರಲಿಲ್ಲ, ಒಂದು ಚೀಟಿ ಹಿಡಿದಿದ್ದವು. ಕೆಲವು ತಿಂಗಳ ಹಿಂದೆ ಹೊಸಪೇಟೆಯಲ್ಲಿ ಅವರ ಹೊಟ್ಟೆಯ ಸ್ಕ್ಯಾನ್ ಆಗಿತ್ತು, ಪಿತ್ತಕೋಶದಲ್ಲಿ ಗಡ್ಡೆ ಕಂಡಿತ್ತು, ಔಷಧ ನಡೆದಿತ್ತು. ನಮಗೆ ಯಾರಿಗೂ ಹೇಳಿರಲಿಲ್ಲ. ಈಗ ಗಡ್ಡೆ ಕರಗಿದೆಯೋ ಬೆಳೆದಿದೆಯೋ ನೋಡಬೇಕು. ಎಮ್ಮಿಗನೂರಿನ ತಂಗಿಯ ಮನೆಯಲ್ಲಿದ್ದ ಕಾರಣ ಕಂಪ್ಲಿಯೇ ಹತ್ತಿರ.

ಅವರನ್ನು ಮಲಗಿಸಿ ಚಿತ್ರ ತೆಗೆದೆ. ಹಳೆಯ ಚಿತ್ರದ ಜೊತೆ ಇಟ್ಟು ಹೋಲಿಸಲು ಡಾಕ್ಟರ್ ಕಾದಿದ್ದರು. ಹಳೆಯದು ಹೊಸಪೇಟೆಯಲ್ಲಿತ್ತು. ತೆರೆಯಲು ಹೋದರೆ ಪರದೆ ಸ್ತಬ್ಧ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ರಸ್ತೆಯ ಮೇಲೆ ಹಾದ ಕೇಬಲ್ಲನ್ನು ಎಳೆದುಕೊಂಡು ಹೋಗಿತ್ತು. ಕಬ್ಬಿನ ಕಾಲದಲ್ಲಿ ನಮ್ಮ ಕಡೆ ಇದು ಇದ್ದದ್ದೇ.

ಅವರು ರೋಗಿಗಳ ಬೆಂಚಿನಲ್ಲಿ ತಂಗಿಯ ಪಕ್ಕ ಕುಳಿತಿದ್ದರು. ನಾನು ಹೊರಗೆ ಬಂದೆ.

"ಏನಂತೈತಿ?" ಎಂದರು.

"ಉತ್ತರ ಬರವಲ್ದು, ಇನ್ನ ನೋಡಕತ್ತೀನಿ ಅಂತೈತಿ."

"ಹಂಗಾರ ಕಾಯೋದು. ನೀ ಹೋಗಿ ಮಂಡಕ್ಕಿ ತಿಂದು ಬಾ."

ನಾನು ಹೋಗಲಿಲ್ಲ. ಅವರ ಪಕ್ಕದಲ್ಲೇ ಕುಳಿತೆ. ದಾರಿ ಆಗಲಿ ಎಂದೂ, ಆಗದಿರಲಿ ಎಂದೂ ಒಟ್ಟಿಗೆ ಬೇಡಿಕೊಂಡೆ. ಮಧ್ಯಾಹ್ನ ಕೇಬಲ್ ಜೋಡಿಸಿದರು. ಚಿತ್ರ ನಿಂತಲ್ಲಿಂದ ಮುಂದುವರಿದು ಪೂರ್ತಿ ತೆರೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಡಾಕ್ಟರ್ ಹೇಳುವ ಮೊದಲೇ ನನಗೆ ತಿಳಿಯಿತು. ಅವರಿಗೂ ತಿಳಿಯಿತು. ನನ್ನ ಹಿಂದೆ ನಿಂತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

"ಪೂರಾ ಬಂದೈತಿ" ಎಂದಷ್ಟೇ ಅಂದರು.

ಕೊನೆಯ ಸಲ ಅವರನ್ನು ನೋಡಿದ್ದು ಎಮ್ಮಿಗನೂರಿನಲ್ಲಿ. ಹೊರಗೆ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಪಡಸಾಲೆಯ ಮಂಚದ ಮೇಲೆ, ಆ ಗಟ್ಟಿ ಮೈಯ ಹೆಂಗಸು ಇಷ್ಟೇ ಇಷ್ಟಾಗಿ ಮಲಗಿದ್ದರು. ಔಷಧ ನಿಲ್ಲಿಸಿದ್ದರು. ತಂಗಿ ಮಾತ್ರ ಇನ್ನೊಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ಹಟ ಬಿಟ್ಟಿರಲಿಲ್ಲ, ಮಂಚದ ಕಾಲು ಹಿಡಿದು ಕುಳಿತಿದ್ದಳು. ನಾನೂ ಅವಳ ಪಕ್ಷವನ್ನೇ ಹಿಡಿದೆ.

"ಕಾಯೋಣಕ್ಕ. ಉತ್ತರ ಬರೋ ತನಕ ಕಾಯಬೇಕು ಅಂತ ನೀವ ಹೇಳಿಲ್ಲೇನು?"

ಅವರು ಕಣ್ಣು ತೆರೆದರು. ಹಳೆಯ ಸಿಟ್ಟಿನ ಒಂದು ಎಳೆ ಧ್ವನಿಯಲ್ಲಿತ್ತು. "ಅಂದದ್ದನ್ನ ಅಂದಂಗ ಓದು ತಮ್ಮ. ಉತ್ತರ ಬಂದೈತಿ. ಇದು ಕಾಯೋದಲ್ಲ, ಬಿಚ್ಚೋದು."

ಅವರು ತಂಗಿಯ ಕಡೆ ತಿರುಗಿದರು, ಮತ್ತೆ ನನ್ನನ್ನು ನೋಡಿದರು. ಫೋನಿನಲ್ಲಿ ಕೋಣೆ ಕೋಣೆಗೂ ಹೇಳುತ್ತಿದ್ದ ಅದೇ ಮರ್ಯಾದೆಯ ದನಿಯಲ್ಲಿ ಹೇಳಿದರು.

"ಎಲ್ಲಾರೂ ಒಳಗ ಕುಂತೀರಿ. ಸ್ವಲ್ಪ ಹೊರಗ ಬರ್ರಿ. ಬಿಚ್ಚಾಕ ಆಗವಲ್ದು."

ತಂಗಿ ಮಂಚದ ಕಾಲು ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅತ್ತೆ. ಅವರು ಅಳಲಿಲ್ಲ. ಆ ವಾರವೇ ಹೋದರು.

ಸ್ವಲ್ಪ ದಿನದ ಮೇಲೆ ಹೊಸಪೇಟೆಯಲ್ಲಿ ಅವರ ಜಾಗಕ್ಕೆ ಬಂದ ಹೊಸಬ ಚಿತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ಸಾಗಿಸಿದ. ನಮ್ಮ ಪರದೆಯ ಮೇಲೆ ಹಳಸಿದ ಗುರುತಿನ ಸಾಲು ಬಂತು. ನಾನು ಎದ್ದು ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಂದದ್ದನ್ನು ಅಂದಂತೆ ಓದಿದೆ. ಪ್ರತಿ ಕೋಣೆಗೂ ಫೋನ್ ಮಾಡಿ ಒಳಗ ಕುಂತವರು ಹೊರಗ ಬರ್ರಿ ಎಂದೆ. ಎಲ್ಲರೂ ಬಂದರು. ಆಮೇಲೆ ಬಿಚ್ಚಲು ಆಜ್ಞೆ ಕೊಟ್ಟೆ. ಬಿಜಿ ಎಂದಿತು.

ಯಾರು ಉಳಿದಿದ್ದಾರೆಂದು ನೋಡಿದೆ. ಹುಲಿಗೆಮ್ಮಕ್ಕನ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟ ಆ ದಿನದಿಂದ ನಾನು ಮುಚ್ಚಿಯೇ ಇರಲಿಲ್ಲ. ಪರದೆಯ ಹಿಂದೆಲ್ಲೋ ಅವು ಇನ್ನೂ ತೆರೆದಿದ್ದವು. ಒಳಗೆ ಕುಳಿತಿದ್ದವನು ನಾನೊಬ್ಬನೇ.