ದೋಣಿಯೊಳಗಿನ ಪ್ರಸಾದ

ನಾನೂ ಭಾವನೂ ಪಾಲಿನಲ್ಲಿ ಕೊಂಡ ದೋಣಿ ಒಮಾನಿನ ಬೇಸಿಗೆ ಮುಗಿಯುವವರೆಗೆ ಅಲ್ ಹೈಲ್‌ನ ಭಾವನ ಮನೆಯಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ನೀರಿಗಿಳಿಸುವ ಮೊದಲು ತೊಳೆಯೋಣವೆಂದು ಅದರ ಮುಂಭಾಗದ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಹೋದ ಸಲದ ಪೂಜೆಯ ಕಾಯಿ, ಬಾಳೆಹಣ್ಣು, ಹೂವು ಸೆಕೆಗೆ ಬೆಂದು ಕಪ್ಪು ಲೋಳೆಯಾಗಿ, ಅದರ ತುಂಬ ಹುಳ ಗಿಜಿಗುಡುತ್ತಿತ್ತು. ದೇವರೂ ಮೂಗು ಮುಚ್ಚಿಕೊಳ್ಳಬೇಕು, ಅಂಥ ನಾತ.

"ಎಂತ ಭಾವ ಇದು?"

"ಪೂಜೆಯದ್ದನ್ನು ಕಸಕ್ಕೆ ಹಾಕ್ಲಿಕ್ಕುಂಟಾ ಮಾರಾಯ? ಸಮುದ್ರಕ್ಕೆ ಬಿಡುವ ಅಂತ ಇಟ್ಟಿದ್ದೆ."

ಬಾಚಿದ್ದು, ಉಜ್ಜಿದ್ದು ಎಲ್ಲ ನಾನೇ. ಭಾವ ದೂರ ನಿಂತು ವಾಕರಿಸಿದರು. ಆಮೇಲೆ ಸ್ನಾನ ಮಾಡಿ ಬಂದು ದೋಣಿಗೆ ಹೊಸ ಕಾಯಿ ಒಡೆದರು. ಹೋಳು, ಹಣ್ಣು, ಹೂವನ್ನೆಲ್ಲ ಭಕ್ತಿಯಿಂದ ಒಟ್ಟುಮಾಡಿಕೊಂಡು, ನಾನು ಆಗಷ್ಟೇ ತೊಳೆದ ಪೆಟ್ಟಿಗೆಯ ಮುಚ್ಚಳ ಎತ್ತಿದರು.