ನಳದ ಪೈಪಿಗೆ ಕಟ್ಟಿದ ತಂತಿ

ಹೋದ ವರ್ಷ ಏಪ್ರಿಲ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಎಂಟಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೂಡಲಗಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಹಿತ್ತಿಲ ಹೊಸ್ತಿಲ ಮೇಲೆ ನಾನು ನಿಂತಿದ್ದೆ. ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಚಹಾದ ಕಪ್ಪು. ಎದುರಿಗೆ ನೀರಿನ ನಳ. ನಳಕ್ಕೂ ನನಗೂ ನಡುವೆ ಅಡ್ಡ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಏಕೆಂದರೆ ನಾನು ಆಗ ಒಳಗೆ ಹಾಡು ಕೇಳುತ್ತಿದ್ದೆ, ಏನೂ ನೋಡಿಲ್ಲ ಎಂದು ಆಮೇಲೆ ಓಣಿಯಲ್ಲಿ ಮಾತು ಹುಟ್ಟಿತು.

ಮನೆಯ ಮುಂಭಾಗದಲ್ಲಿ ಮಾಲೀಕರು ಇರುತ್ತಾರೆ. ಹಿಂದಿನ ಎರಡು ಖೋಲಿಗಳಲ್ಲಿ ನಾನು ಮತ್ತು ನನ್ನ ಹೆಂಡತಿ. ಮಾಲೀಕರನ್ನು ಕಾಕಾ ಎನ್ನುತ್ತೇವೆ, ಅವರ ಹೆಂಡತಿಯನ್ನು ಕಾಕು. ನನ್ನ ಕೆಲಸ ಹುಕ್ಕೇರಿಯಲ್ಲಿ. ಬಸ್ಸಿನ ಹಾರ್ನು, ಸಿನಿಮಾ ಹಾಡು ಕೇಳಿ ಕೇಳಿ ಮನೆ ಮುಟ್ಟಿದ ಮೇಲೆ ನನಗೆ ಬೇಕಾಗುವುದು ಒಂದು ಗಂಟೆಯ ಗಾಯನ. ಕಂಪ್ಯೂಟರಿನಲ್ಲಿ ಹಾಡು ಬರೀ ಅಂಕಿಗಳಾಗಿ ಕೂತಿರುತ್ತದೆ. ಆ ಅಂಕಿಗಳನ್ನು ಮತ್ತೆ ದನಿಯ ಅಲೆಯಾಗಿಸಿ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆಗೆ ಡ್ಯಾಕ್ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಮೈಯೆಲ್ಲ ಲೋಹ. ಆ ಮಾರ್ಚಿನಲ್ಲಿ ಒಂದನ್ನು ತರಿಸಿ, ಲ್ಯಾಪ್‌ಟಾಪಿಗೆ ಒಂದು ಕೇಬಲ್, ಗೋಕಾಕದಲ್ಲಿ ಕೊಂಡ ಹಳೆಯ ಆಂಪ್ಲಿಫೈಯರಿಗೆ ಇನ್ನೊಂದು ಕೇಬಲ್ ಜೋಡಿಸಿದೆ.

ಮೊದಲ ದಿನವೇ ತಂಬೂರಿಯ ಕೆಳಗೆ ಇನ್ನೊಂದು ದನಿ ಕೇಳಿಸಿತು. ಗುಂಯ್ ಎಂದು ಒಂದೇ ಸಮ. ತಂಬೂರಿ ಸರಿಯಾಗಿ ಕೂಡಿಲ್ಲವೇನೋ ಅಂದುಕೊಂಡೆ. ಹಾಡು ನಿಲ್ಲಿಸಿದೆ, ಗುಂಯ್ ನಿಲ್ಲಲಿಲ್ಲ. ಗೋಕಾಕಕ್ಕೆ ಹೋಗಿ ಬೇರೆ ಕೇಬಲ್ ತಂದೆ, ಆಗಲೂ ಹಾಗೇ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಹೋಗುತ್ತಿತ್ತು, ಚುಚ್ಚಿದರೆ ಬರುತ್ತಿತ್ತು. ಪೆಟ್ಟಿಗೆ ಮುಟ್ಟಿದರೆ ಬೆರಳ ತುದಿ ಜುಮ್ ಎನ್ನುತ್ತಿತ್ತು. ಮುಂಭಾಗದಲ್ಲಿ ಕಾಕಾ ಅವರ ಜೋಳ ಬೀಸುವ ಸಣ್ಣ ಗಿರಣಿ ಇದೆ. ಅದು ತಿರುಗಿದಾಗಲೆಲ್ಲ ಗುಂಯ್ ದೊಡ್ಡದಾಗುತ್ತದೆ ಎಂಬುದು ತಿಳಿಯಲು ನನಗೆ ಹಲವು ದಿನ ಬೇಕಾಯಿತು.

ಕೊನೆಗೆ ಗೋಡೆಗುಂಟ ವಾಯರಿಂಗ್ ನೋಡುತ್ತ ಹೋದೆ. ನಳದ ಹಿಂದೆ, ನೆಲದೊಳಗೆ ಇಳಿಯುವ ಕಬ್ಬಿಣದ ಪೈಪಿಗೆ ಒಂದು ಹಳದಿ ತಂತಿ ಸುತ್ತಿದ್ದರು. ಮನೆಗೆ ಬಂದ ಕರೆಂಟು ಮರಳಿ ಕಂಬಕ್ಕೆ ಹೋಗಲು ಒಂದು ತಂತಿ ಇರುತ್ತದೆ. ಕಂಬದ ಮೇಲೆ ಅದು ಕಿತ್ತು ಲೈಟು ಮಂಕಾದಾಗ, ಲೈನ್‌ಮನ್‌ಗಾಗಿ ಕಾಯದೆ ಕಾಕಾ ತಾವೇ ಈ ತಂತಿ ಎಳೆದು ಕರೆಂಟನ್ನು ಭೂಮಿಗೆ ಬಿಟ್ಟಿದ್ದರು. ಲೈಟು ಚೆನ್ನಾಗಿ ಹತ್ತಿದವು. ನೆಲದಲ್ಲಿ ತೇವ ಇರುವವರೆಗೆ ನಡೆಯಿತು. ಬೇಸಿಗೆಯಲ್ಲಿ ನೆಲ ಒಣಗಿ ಕರೆಂಟು ಪೈಪಿನಲ್ಲೇ ಉಳಿಯತೊಡಗಿತ್ತು. ಟೆಸ್ಟರ್ ತಂದು ನಳಕ್ಕೆ ಮುಟ್ಟಿಸಿದೆ. ಅದರೊಳಗಿನ ದೀಪ ಹತ್ತಿತು.

ಕಾಕಾ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

"ಏನ್ರಿ ಸರ, ನಿಮ್ಮ ಹಾಡಿಗಿ ಜಡ್ಡು ಬಂದ್ರ ನಮ್ಮ ನಳದ ನಾಡಿ ಯಾಕ ಹಿಡ್ಯಾಕತ್ತೀರಿ?"

"ಕಾಕಾ, ನಳಕ್ಕ ಕರೆಂಟ್ ಬರಾಕತ್ತೈತ್ರಿ. ಆ ತಂತಿ ಬಿಚ್ಚ್ರಿ."

"ಅಷ್ಟ ಝುಂ ಅಂದ್ರ ಕೈಯಾಗಿನ ವಾಯು ಹೋಗತೈತ್ರಿ. ನಿಮ್ಮ ಕಾಕೂನ ಕೇಳ್ರಿ, ಮೊಳಕೈ ನೋವು ಕಡಿಮಿ ಆಗೇತಂತ."

ಒಳಗಿನಿಂದ ಕಾಕು ಕೂಗಿ ಹೇಳಿದರು. "ನಾ ಯಾವಾಗ ಅಂದೇನಿ? ನಳಾ ಮುಟ್ಟಾಕ ಅಂಜಿಕಿ ಬರತೈತಿ ಅಂದೇನಿ!"

ಅದು ಶನಿವಾರ. ತಂತಿ ಹಾಗೇ ಉಳಿಯಿತು. ಮರುದಿನ ಕಾಕು ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ಕೊಡ ತುಂಬುತ್ತಿದ್ದರು. ಅವರ ಹಿಂದೆ ಬಾಜೂ ಮನೆಯ ಅಕ್ಕ ತಮ್ಮ ಕೊಡ ಹಿಡಿದು ನಿಂತಿದ್ದರು. ಕಾಕಾ ಗಿರಣಿ ಖೋಲಿಯ ಬಾಗಿಲಲ್ಲಿದ್ದರು. ಅವರು ಕೈ ಚಾಚಿ ಗಿರಣಿಯ ಸ್ವಿಚ್ ಒತ್ತಿದ್ದನ್ನು ನಾನು ನೋಡಿದೆ. ಗಿರಣಿ ತಿರುಗಿತು, ಕಾಕುವಿನ ಕೈ ನಳಕ್ಕೆ ಕಚ್ಚಿಕೊಂಡಿತು. ಅವರ ಬಾಯಿಂದ ದನಿ ಬರಲಿಲ್ಲ. ಬಳೆಗಳು ಮಾತ್ರ ನಳಕ್ಕೆ ಬಡಿದುಕೊಳ್ಳುತ್ತಿದ್ದವು. ಬಾಜೂ ಮನೆಯ ಅಕ್ಕ ಅವರನ್ನು ಎಳೆಯಲು ಕೈ ಚಾಚಿದರು. "ಮುಟ್ಟಬ್ಯಾಡ್ರಿ!" ಎಂದು ನಾನು ಕೂಗಿದೆ. ನನ್ನ ಕೂಗು ಕೇಳಿ ಹೆಂಡತಿ ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಕಾಕು ಬಿದ್ದರು. ಜಾರಲಿಲ್ಲ. ಕರೆಂಟು ಬಿಟ್ಟ ಮೇಲೆ ಬಿದ್ದರು.

ಗೋಕಾಕದ ದವಾಖಾನೆಗೆ ಒಯ್ಯಲು ಗಾಡಿ ತರಿಸುತ್ತಿದ್ದೆವು. ಆಗ ಕಾಕಾ ನಳದ ಹಿಂದೆ ಬಗ್ಗಿ, ತಂತಿ ಬಿಚ್ಚಿ, ಅಂಗೈಗೆ ಸುತ್ತಿ, ಬನಿಯನ್ನಿನೊಳಗೆ ಇಟ್ಟುಕೊಂಡರು. ನನ್ನ ಕೈಯಲ್ಲಿದ್ದ ಕಪ್ಪು ಯಾವಾಗ ಬಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಅದೊಂದೇ.

ಕಾಕು ಉಳಿದರು. ಬಲಗೈಯ ಎರಡು ಬೆರಳಿಗೆ ಈಗಲೂ ಬಿಸಿ ತಂಪು ತಿಳಿಯುವುದಿಲ್ಲ. ಓಣಿಗೆ ಕಾಕಾ ಮೊದಲು "ಕಾಲು ಜಾರಿ ಬಿದ್ದಳು" ಎಂದರು. ಯಾರೂ ನಂಬಲಿಲ್ಲವೆಂದು ಕಂಡಾಗ, "ಹಿಂದಿನ ಮನಿಯಾಗ ಅದೇನೋ ಡಬ್ಬಿ ಹಚ್ಚ್ಯಾರ, ಅದರದ ಕರೆಂಟು" ಎಂದರು. ಇದನ್ನು ಬಹಳ ಜನ ನಂಬಿದರು. ತಂತಿಯನ್ನು ಯಾರೂ ನೋಡಿರಲಿಲ್ಲ, ಡಬ್ಬಿ ಎಲ್ಲರಿಗೂ ಕಾಣುತ್ತಿತ್ತು.

ಲೈನ್‌ಮನ್ ಬಂದು ಕಂಬ ಹತ್ತಿ ಕಿತ್ತ ತಂತಿ ಜೋಡಿಸಿದರು. ಇಳಿದು ಕೇಳಿದರು. "ಇದು ಕಿತ್ತು ಭಾಳ ದಿನಾ ಆಗೇತಲ್ರಿ. ಇಷ್ಟ ದಿನಾ ಲೈಟ್ ಹ್ಯಾಂಗ ಹತ್ತಿದ್ವು?"

ಕಾಕಾ ಆಕಾಶ ನೋಡಿದರು. ನೆರೆದವರು ಕಾಕಾನನ್ನು ನೋಡಿದರು. ನಾನು ಹೇಳಿದೆ. ಪೈಪಿನ ಮೇಲೆ ತಂತಿ ಸುತ್ತಿ ಸವೆದು ಹೊಳೆಯುತ್ತಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ಡ್ಯಾಕನ್ನು ಕೇಬಲ್ ಸಮೇತ ಹೊರಗೆ ತಂದು, ಹಾಡು ನಡೆಯುತ್ತಿರುವಾಗಲೇ ಒದ್ದೆ ಅಂಗೈಯಲ್ಲಿ ಹಿಡಿದು ಎಲ್ಲರೆದುರು ನಿಂತೆ. ಬೇಕಾದವರು ಮುಟ್ಟಿರಿ ಎಂದೆ. ಯಾರೂ ಮುಟ್ಟಲಿಲ್ಲ. ಲೈನ್‌ಮನ್ ಒಬ್ಬರೇ ಮುಟ್ಟಿ, "ಛಲೋ ಹಾಡ್ತಾರ್ರಿ" ಎಂದು ಹೋದರು.

ಆ ಸಂಜೆ ಕಾಕಾ ಬಾಗಿಲಿಗೆ ಬಂದರು. "ಸರ, ಡಬ್ಬಿ ತಗೀರಿ, ಇಲ್ಲಾ ಮನಿ ಬಿಡ್ರಿ."

"ಎರಡೂ ಮಾಡಂಗಿಲ್ರಿ ಕಾಕಾ."

ಮಾಡಿಲ್ಲ. ದಿನವೂ ಬೆಳಿಗ್ಗೆ ನೀರಿನ ಹೊತ್ತಿಗೆ ಹಿತ್ತಿಲ ಬಾಗಿಲು ತೆರೆದು ಹಾಡು ಹಚ್ಚುತ್ತೇನೆ, ಚಾರ್ಜರ್ ಚುಚ್ಚಿಯೇ ಹಚ್ಚುತ್ತೇನೆ. ಈಗ ತಂಬೂರಿಯ ಕೆಳಗೆ ಬೇರೆ ದನಿ ಇಲ್ಲ. ತಂತಿ ಮತ್ತೆ ಪೈಪಿಗೆ ಬಂದರೆ ಮೊದಲು ನನ್ನ ಸ್ಪೀಕರಿಗೆ ತಿಳಿಯುತ್ತದೆ. ಅದರ ಮೇಲಷ್ಟೇ ಭಾರ ಹಾಕಬೇಡಿ, ಟೆಸ್ಟರನ್ನೂ ಇಟ್ಟು ನೋಡಿ ಎಂದು ಎಲ್ಲರಿಗೂ ಹೇಳಿದ್ದೇನೆ. ಆದರೂ ನಳಕ್ಕೆ ಬರುವ ಹೆಂಗಸರು ಕೊಡ ಇಳಿಸುವ ಮೊದಲು ನನ್ನ ಕಿಟಕಿಯ ಕಡೆ ಕೂಗುತ್ತಾರೆ.

"ಗುಂಯ್ ಐತೇನ್ರಿ?"

"ಇಲ್ರಿ, ತುಂಬಿಕೊಳ್ರಿ."

ಒಮ್ಮೆ ಕಾಕಾ ಹಾಡು ಸಣ್ಣ ಮಾಡಲು ಹೇಳಿ ಕಳಿಸಿದರು. ಆಗ ಕಾಕು ಅಂಗಳದಿಂದಲೇ ಅಂದರು. "ದೊಡ್ಡದ ಇರಲಿ ತಮ್ಮಾ. ನನಗ ಕೇಳಬೇಕು."

ಅಂದು ನೋಡಿದವರು ಇವರು: ಮೇನ್ ಸ್ವಿಚ್ ಎಳೆದ ನನ್ನ ಹೆಂಡತಿ. ಚಾಚಿದ ಕೈ ಹಿಂದೆಗೆದ ಬಾಜೂ ಮನೆಯ ಅಕ್ಕ. ಈಗ ಮಸಗುಪ್ಪಿಯಲ್ಲಿ ಮಗಳ ಹತ್ತಿರ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಹಿತ್ತಿಲಾಚೆಯ ಮನೆಯ ಮಾಳಿಗೆಯಿಂದ ಎಲ್ಲ ನೋಡಿದ ಹಿರಿಯರೊಬ್ಬರು ದೀಪಾವಳಿಯ ಮುಂದೆ ತೀರಿಕೊಂಡರು, ನೋಡಿದ್ದನ್ನು ಯಾರಿಗೂ ಹೇಳದೆ. ಕಾಕು ಇದ್ದಾರೆ. ನಾನಿದ್ದೇನೆ. ತಂತಿ ಬಿಚ್ಚಿಕೊಂಡ ಕಾಕಾನೂ ನೋಡಿದ್ದಾರೆ. ಅವರೂ ಇದ್ದಾರೆ.