ರಾತ್ರಿ ಪಾಳಿ ಯಾರಿಗೆ

ವಶೀಲಿ ಅಂದರೆ ಪಂಚಶೀಲಾಗೆ ಮೈಯೆಲ್ಲ ಉರಿ. ಅಂಥವಳು ಶಹಾಪುರದ ಕಡೆಯ ನಮ್ಮ ಕಾಲುವೆ ರೈತರ ಸಂಘಕ್ಕೆ ಕಂಪ್ಯೂಟರ್ ಕೆಲಸಕ್ಕೆ ಬಂದಳು. ನಾನು ಅಲ್ಲಿ ಕಾರ್ಯದರ್ಶಿ, ಯಾದಗಿರಿಯಿಂದ ಬಸ್ಸಿಗೆ ಓಡಾಡುವವ. ಯಾವ ಹೊಲಕ್ಕೆ ಎಷ್ಟೊತ್ತಿಗೆ ನೀರು ಎಂದು ಪಾಳಿ ಹಚ್ಚುವ ಸಾಫ್ಟ್‌ವೇರ್ ನಮ್ಮಲ್ಲಿತ್ತು. ಭೀಮರಾಯನಗುಡಿಯ ಮಕ್ತುಮಸಾಬರು ಬರೆದದ್ದು, ಅವರೀಗ ಇಲ್ಲ. ಆಮೇಲೆ ಬಂದವರು ತೇಪೆ ಹಾಕಿ ಹಾಕಿ ಅದು ಕೌದಿಯಾಗಿತ್ತು. ಗುಂಡಿ ಒತ್ತಿ ಚಹಾ ಕುಡಿದು ಬರಬೇಕು, ಆಗ ಉತ್ತರ.

"ಕಿತ್ತೊಗದು ಹೊಸಾದು ಬರಿಯವ್ವಾ" ಅಂದೆ. ತಿಂಗಳುಗಟ್ಟಲೆ ಕೂತು ಬರೆದಳು. ಹೊಸದು ಚಿಟಿಕೆ ಹೊಡೆಯುವಷ್ಟರಲ್ಲಿ ಪಾಳಿ ಹಚ್ಚಿತು. ಕಾಲುವೆಗೆ ನೀರು ಬಿಡುವ ಮುಂಚೆ, ಹಳೆಯದೋ ಹೊಸದೋ ಎಂದು ಅವಳೇ ಸಭೆಗೆ ಹೇಳಬೇಕಿತ್ತು.

ಅದೇ ವಾರ ನಾಗಲಕ್ಷ್ಮಿ ಬಂದಳು. ಗಂಡ ತೀರಿ ವರ್ಷವಾಗಿಲ್ಲ, ಸಣ್ಣ ಮಕ್ಕಳು. "ನಂಗ ರಾತ್ರಿ ಪಾಳಿ ಬಂದದಂತ್ರಿ. ಕೂಸುಗಳ್ನ ಯಾರ ಕೈಯಾಗ ಬಿಡ್ಲಿ? ಹೋಗದಿದ್ರ ಶೇಂಗಾ ಒಣಗ್ತದ." ಹೊಸದರಲ್ಲಿ ನೋಡಿದರೂ ರಾತ್ರಿಯೇ. ಕಂಪ್ಯೂಟರ್ ಹೇಳಿದ್ದಕ್ಕೆ ನಾನೇನು ಮಾಡಲಿ ಎಂದು ಕೈಚೆಲ್ಲಿದೆ.

ಪಂಚಶೀಲಾ ಸುಮ್ಮನಾಗಲಿಲ್ಲ. ಎರಡನ್ನೂ ಅಕ್ಕಪಕ್ಕ ಓಡಿಸಿದಳು. ಹಳೆಯದರಲ್ಲಿ ಕೆಲವು ಹೊಲಗಳಿಗೆ ರಾತ್ರಿ ಪಾಳಿ ಬರುವುದೇ ಇಲ್ಲ, ಅವುಗಳ ನಂಬರನ್ನು ಕೋಡಿನಲ್ಲೇ ಬರೆದಿಟ್ಟಿದ್ದರು.

"ವಶೀಲಿ ಅದರಿ ಸರ್ ಇದು. ಯಾರ್‍ಯಾರವು ನೋಡೇಬಿಡೂಣು" ಎಂದು ಸ್ಕೂಟಿ ತೆಗೆದಳು. ಕಳ್ಳರು ಸಿಕ್ಕರೆಂದು ನಾನೂ ಹಿಂದೆ ಕೂತೆ.

ಮೊದಲನೆಯ ಹೊಲ ಹುಸೇನಬೀಯದು, ಎರಡನೆಯದು ದೇವಕಮ್ಮನದು, ಆಮೇಲಿನದು ಮೋನಮ್ಮನದು. ಎಲ್ಲರೂ ಗಂಡನಿಲ್ಲದೆ ಒಬ್ಬರೇ ಒಕ್ಕಲುತನ ಮಾಡಿದವರು. ಪಂಚಶೀಲಾ ಬದುವಿನ ಮೇಲೆ ನಿಂತುಬಿಟ್ಟಳು. ಪಕ್ಕದ ಹೊಲದಲ್ಲಿ ಅಮರಪ್ಪ ಕಳೆ ತೆಗೆಯುತ್ತಿದ್ದ.

"ಕಾಕಾ, ನಿಮಗ ರಾತ್ರಿ ಪಾಳಿ ಹೆಚ್ಚಿಗಿ ಬರ್ತಾವಲ್ಲ, ಯಾಕಂತ ಗೊತ್ತದೇನ್ರಿ?"

"ಗೊತ್ತಿಲ್ದೇನವ್ವಾ? ಮಕ್ತುಮಸಾಬ್ರು ನಮ್ಮನ್ನ ಕೇಳೇ ಬರದಾರ. ಒಂಟಿ ಹೆಣ್ಮಗಳು ಹಾವು ಚೇಳಿನಾಗ ನೀರು ಕಟ್ಟಾದು ಬ್ಯಾಡ, ಆ ಪಾಳಿ ನಮಗಿರ್ಲಿ ಅಂದೀವಿ."

ಅಷ್ಟು ಹೇಳಿ ಮತ್ತೆ ಕಳೆಗೆ ಬಗ್ಗಿದ. ಇಷ್ಟು ವರ್ಷ ಈ ಗಂಡಸರು ನಿದ್ದೆಗೆಟ್ಟು ಇದನ್ನು ನಡೆಸಿದ್ದರು. ಹೇಳಿಕೊಳ್ಳುವ ಮಾತೆಂದು ಒಬ್ಬರಿಗೂ ಅನಿಸಿರಲಿಲ್ಲ. ಬಗ್ಗಿದ ಅವನ ಬೆನ್ನಿಗೇ ಕೈಮುಗಿದೆ. ಅಬ್ಬೆತುಮಕೂರಿನ ಮಠದಲ್ಲೂ ನಾನು ಅಷ್ಟು ಮನಸಾರೆ ಕೈಮುಗಿದವನಲ್ಲ.

ಸಭೆಯಲ್ಲಿ ಪಂಚಶೀಲಾ ಎದ್ದು, "ಹೊಸಾದು ಬ್ಯಾಡ್ರಿ. ಹಳೇದನ್ನ ರಿಪೇರಿ ಮಾಡ್ತೀನಿ" ಅಂದಳು.

"ಈ ಒಂದು ಮಾತು ಹೊಸಾದ್ರಾಗೇ ಸೇರಿಸವ್ವಾ, ಅಷ್ಟು ದುಡದೀ" ಎಂದೆ.

"ಇದೊಂದು ನಮ್ಮ ಕಣ್ಣಿಗಿ ಬಿತ್ತರಿ ಸರ್. ಇನ್ನ ಯಾರ್‍ಯಾರು ಕೊಟ್ಟ ಮಾತು ಅದ್ರಾಗ ಅದಾವೋ ಯಾರಿಗ್ಗೊತ್ತು? ಕೆಡವಾಕ ನಂಗ ಧೈರ್ಯ ಇಲ್ರಿ."

ತನ್ನ ದುಡಿಮೆಯನ್ನು ಅಷ್ಟು ಹಗುರಾಗಿ ಬದಿಗಿಟ್ಟವರನ್ನು ನಾನು ನೋಡಿರಲಿಲ್ಲ. ನಾಗಲಕ್ಷ್ಮಿಯಂಥ ಹೊಸಬರು ಸೇರದ ಆ ಹಳೆಯ ನಂಬರುಗಳನ್ನು ಮಾತ್ರ ಕೋಡಿನಿಂದ ತೆಗೆದು, ಪ್ರತಿ ಸಲ ನೀರು ಬಿಡುವ ಮುಂಚೆ ಕೇಳುವ ಒಂದು ಪ್ರಶ್ನೆ ಸೇರಿಸಿದಳು: ರಾತ್ರಿ ನೀರು ಕಟ್ಟಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಡಂಗುರ ಹೊಡೆಸಿ ಊರಿಗೆ ತಿಳಿಸಿದೆವು.

ಮರುದಿನ ಆಫೀಸಿನ ಬಾಗಿಲು ತೆಗೆಯುವಾಗಲೇ ಗಡ್ಡ ಬಿಟ್ಟ ಯುವಕನೊಬ್ಬ ಕಾಯುತ್ತಿದ್ದ, ಹುಸೇನಬೀಯ ಮಗ.

"ಅಮ್ಮಿ ಕಳಿಸ್ಯಾಳ್ರಿ," ಅಂದ. "ನಾ ದೊಡ್ಡಾಂವ ಆಗೀನಿ. ನಾಗಲಕ್ಷ್ಮಿ ಅಕ್ಕನ ರಾತ್ರಿ ಪಾಳಿ ನಂಗ ಹಚ್ರಿ."